ಅಳತೆಗೆ ತಕ್ಕ ವಾಹನ

‘ಯಂತ್ರ’ ಎಂಬ ಶಬ್ದವನ್ನು ನಾವೆಲ್ಲರೂ ದಿನನಿತ್ಯ ಬಳಸುತ್ತೇವೆ. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದಾಗ, ಹಿಡಿದು ನಿಲ್ಲಿಸುವುದು, ಅಂಕೆಯಲ್ಲಿರಿಸುವುದು ಎಂಬ ಅರ್ಥವುಳ್ಳ ಧಾತುವೇ ಈ ಶಬ್ದಕ್ಕೆ ಮೂಲವೆಂದು ಗುರುಗಳು ಹೇಳಿಕೊಟ್ಟಿದ್ದರು. ಸಂಯಮ, ನಿಯಮ, ನಿಯಂತ್ರಣ ಎಂಬ ಶಬ್ದಗಳೂ ಇದೇ ಬಳಗಕ್ಕೆ ಸೇರಿದವು. ಓಡುವುದೇ ಯಂತ್ರದ ಲಕ್ಷಣವೆಂದು ನಂಬಿರುವ ಈ ಕಾಲದಲ್ಲಿ, ಅದು ಯಾರ ಅಂಕೆಯಲ್ಲಿ ಓಡುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯೇ ನಮ್ಮ ಮನೆಯ ಹಿತ್ತಿಲಿಗೆ ಬಂದು ಎರಡು ವರ್ಷಗಳ ಕಾಲ ಬೀಡುಬಿಟ್ಟಿತ್ತು. ಆ ವೃತ್ತಾಂತವನ್ನು ಓದುಗ ಬಂಧುಗಳ ಮುಂದಿಟ್ಟರೆ ಯಾರಾದರೂ ಒಂದು ಮನೆಯವರಿಗೆ ಉಪಯೋಗವಾದೀತೆಂಬ ಭಾವನೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಮನೆಯಿರುವುದು ಕೊಟ್ಟೂರಿನಲ್ಲಿ. ನಮ್ಮ ತಮ್ಮನು ಸುಮಾರು ಮೂವತ್ತೈದು ವರ್ಷಗಳಿಂದ ನಡೆಸಿಕೊಂಡು ಬಂದ ಕಾಯಕವೆಂದರೆ ವಿಭೂತಿ ಗಟ್ಟಿ, ಶಿವದಾರ, ರುದ್ರಾಕ್ಷಿ, ಕರಡಿಗೆ, ಪಂಚಾಂಗ ಮತ್ತು ಧಾರ್ಮಿಕ ಪುಸ್ತಕಗಳನ್ನು ಊರೂರಿಗೆ ಒಯ್ದು ಅಂಗಡಿಗಳಿಗೂ ಭಕ್ತರ ಮನೆಗಳಿಗೂ ಮುಟ್ಟಿಸುವುದು. ಒಂದು ದಿನ ಕೂಡ್ಲಿಗಿ, ಇನ್ನೊಂದು ದಿನ ಹಗರಿಬೊಮ್ಮನಹಳ್ಳಿ, ಮತ್ತೊಂದು ದಿನ ಹರಪನಹಳ್ಳಿ, ಆ ಬಳಿಕ ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿ. ಇದು ಅವನ ತಿರುಗಾಟದ ಕ್ರಮ. ಸರ್ಕಾರದ ಕಾಗದಗಳಲ್ಲಿ ಈ ಸೀಮೆ ಹಲವು ಸಲ ಅತ್ತಿತ್ತ ಆಗಿದೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ಐದು ತಾಲ್ಲೂಕುಗಳೊಡನೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಇಂದಿಗೂ ಸಂತೆಯ ದಿನ ಸಾಲಾಗಿ ನಿಂತ ಮೋಟಾರು ಸೈಕಲ್ಲುಗಳ ಫಲಕಗಳಲ್ಲಿ ದಾವಣಗೆರೆಯ 17, ಬಳ್ಳಾರಿಯ 34, ಹೊಸಪೇಟೆಯ 35 ಎಂಬ ಸಂಖ್ಯೆಗಳು ಒಟ್ಟಿಗೇ ಕಾಣಸಿಗುತ್ತವೆ. ಜಿಲ್ಲೆಗಳು ಬದಲಾದರೂ ನಮ್ಮ ತಮ್ಮನ ದಾರಿ ಬದಲಾಗಲಿಲ್ಲ. ಅವನ ವಾಹನವೂ ಬದಲಾಗಲಿಲ್ಲ.

ಆ ವಾಹನವು ಮೈಸೂರಿನಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲು. ಈಗಿನ ಮಕ್ಕಳಿಗೆ ಅದರ ಪೂರ್ವೋತ್ತರವನ್ನು ಎರಡು ಮಾತಿನಲ್ಲಿ ಹೇಳಬೇಕು. ಜಾವಾ ಎಂಬುದು ಜೆಕೊಸ್ಲೊವಾಕಿಯಾ ದೇಶದಲ್ಲಿ 1929ರಲ್ಲಿ ಹುಟ್ಟಿದ ಕಂಪನಿ. ಸ್ಥಾಪಕ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಎಂಬ ಎರಡು ಹೆಸರುಗಳ ಮೊದಲಕ್ಷರಗಳು ಕೂಡಿ ಆ ಹೆಸರಾಯಿತು. ಅದರ ಪರವಾನಗಿಯನ್ನು ಪಡೆದ ಐಡಿಯಲ್ ಜಾವಾ ಕಾರ್ಖಾನೆಯು 1960ರ ದಶಕದ ಆರಂಭದಲ್ಲಿ ಮೈಸೂರಿನಲ್ಲಿ ವಾಹನಗಳನ್ನು ತಯಾರಿಸತೊಡಗಿತು. 1970ರ ದಶಕದಲ್ಲಿ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಹೊರಬರತೊಡಗಿದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರೂ 2022ರಲ್ಲಿ ಯೆಜ್ಡಿ ಎಂಬ ಹೆಸರೂ ಬೇರೊಂದು ಕಂಪನಿಯ ಹೊಸ ವಾಹನಗಳ ಮೇಲೆ ಮರಳಿ ಬಂದಿವೆ. ಆದರೆ ಪೆಟ್ರೋಲಿನಲ್ಲಿ ಎಣ್ಣೆ ಬೆರೆಸಿ ಹಾಕಬೇಕಾದ, ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರುಗಳುಳ್ಳ, ದೂರದಿಂದಲೇ ಗುರುತು ಹತ್ತುವ ಸದ್ದಿನ ಆ ಹಳೆಯ ಗಾಡಿಯೇ ಬೇರೆ. ನಮ್ಮ ತಮ್ಮನು ತಿರುವಿಗೆ ಬಂದನೆಂಬುದು ಒಲೆಯ ಮುಂದೆ ಕುಳಿತ ಅವನ ಮಡದಿಗೆ ತಿಳಿಯುತ್ತಿತ್ತು. ಆಕೆ ರೊಟ್ಟಿಯ ಹೆಂಚನ್ನು ಒಲೆಗೆ ಏರಿಸುತ್ತಿದ್ದಳು.

2021ರಲ್ಲಿ ಸಕ್ಕರೆ ಕಾಯಿಲೆಯಿಂದ ಹುಣ್ಣಾದ ಅವನ ಎಡಗಾಲನ್ನು ಮೊಳಕಾಲಿನ ಕೆಳಗೆ ತೆಗೆಯಬೇಕಾಯಿತು. ಪ್ರಾಣ ಉಳಿಯಿತು, ಕೆಲವು ತಿಂಗಳ ತರುವಾಯ ಕೃತಕ ಕಾಲೂ ಬಂತು. ಅದನ್ನು ತೊಟ್ಟು, ಊರುಗೋಲು ಹಿಡಿದು, ಮನೆಯಿಂದ ಗುಡಿಯವರೆಗೆ ನಡೆಯುವುದನ್ನು ಕಲಿತನು. ಆದರೆ ಬಸ್ಸಿನ ಎತ್ತರದ ಮೆಟ್ಟಿಲನ್ನು ಏರಿ, ನೂಕುನುಗ್ಗಲಿನಲ್ಲಿ ವಿಭೂತಿಯ ಚೀಲವನ್ನು ಕಾಪಾಡಿಕೊಂಡು ಹೋಗುವುದು ಅವನಿಂದಾಗಲಿಲ್ಲ. ವಿಭೂತಿ ಗಟ್ಟಿ ಮುರಿದರೆ ಕೊಳ್ಳುವವರಿಲ್ಲ. ಒಂದು ವರ್ಷ ಅವನ ಮಡದಿಯೇ ಚೀಲ ಹೊತ್ತು ಬಸ್ಸಿನಲ್ಲಿ ಕೂಡ್ಲಿಗಿಗೂ ಹಗರಿಬೊಮ್ಮನಹಳ್ಳಿಗೂ ಹೋಗಿಬಂದಳು. ಹಡಗಲಿ, ಹರಪನಹಳ್ಳಿಗಳ ವ್ಯವಹಾರ ನಿಂತೇಹೋಯಿತು. ಮನೆಯಲ್ಲಿ ಊಟಕ್ಕೆ ಕೊರತೆಯಾಗಲಿಲ್ಲ. ಆದರೆ ಜಗುಲಿಯ ಮೇಲೆ ಕುಳಿತ ನಮ್ಮ ತಮ್ಮನ ಮಾತು ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು. ಮನೆಯವರಿಗೆ ಅದೇ ಹೆಚ್ಚಿನ ಚಿಂತೆಯಾಯಿತು.

ಅವನ ಮಗನು ಐ.ಟಿ.ಐ.ಯಲ್ಲಿ ಫಿಟ್ಟರ್ ಕೆಲಸ ಕಲಿತವನು, ಪಂಪುಸೆಟ್ಟುಗಳ ದುರಸ್ತಿಯಲ್ಲಿ ಕೈ ಪಳಗಿದವನು. ಹಿತ್ತಿಲಿನ ತಗಡಿನ ಷೆಡ್ಡಿನಲ್ಲಿ ಒಂದು ವೈಸು, ಕೈಯಲ್ಲಿ ಹಿಡಿಯುವ ಗ್ರೈಂಡರು, ಡ್ರಿಲ್ಲು, ಹಳೆಯ ವೆಲ್ಡಿಂಗ್ ಮೆಷೀನು ಮತ್ತು ಪಾನಾಗಳ ಪೆಟ್ಟಿಗೆ; ಇಷ್ಟೇ ಅವನ ಕಾರ್ಯಾಗಾರ. 2022ರ ಬೇಸಿಗೆಯ ಒಂದು ಸಂಜೆ ಅವನು ನಮ್ಮ ಬಳಿ ಬಂದು, “ದೊಡ್ಡಪ್ಪಾರ, ಅಪ್ಪನ ಯೆಜ್ಡಿನ ಅಪ್ಪನ ಕಾಲಿಗೆ ತಕ್ಕಂಗ ಬ್ಯಾರೆ ಮಾಡಿ ಕಟ್ತೀನ್ರಿ” ಎಂದನು. ಗಾಡಿಯನ್ನು ಬಿಚ್ಚಿದಾಗ ದೀಪ ಹಿಡಿಯುವುದೂ ತಿರುಪುಗಳನ್ನು ಕ್ರಮವಾಗಿ ಡಬ್ಬಿಗಳಲ್ಲಿಟ್ಟು ಚೀಟಿ ಬರೆಯುವುದೂ ನಮ್ಮ ಪಾಲಿನ ಕೆಲಸವಾಯಿತು. ಓಲೆಗರಿಗಳನ್ನು ಜೋಡಿಸಿ ಅಭ್ಯಾಸವಿದ್ದವರಿಗೆ ಅದು ಕಷ್ಟವೆನಿಸಲಿಲ್ಲ.

ಯೆಜ್ಡಿಯ ರಚನೆಯಲ್ಲಿ ಒಂದು ವಿಶೇಷವಿದೆ. ಗಾಡಿಯನ್ನು ಒದ್ದು ಚಾಲೂ ಮಾಡುವ ಕಿಕ್ಕರ್ ಮತ್ತು ಗೇರು ಬದಲಿಸುವ ಸಲಾಕೆ ಎರಡೂ ಒಂದೇ, ಅದಿರುವುದು ಎಡಗಡೆ. ಹಿಂದಿನ ಬ್ರೇಕು ಬಲಗಾಲಿಗೆ. ಬಲಗಾಲು ಗಟ್ಟಿಯಾಗಿದ್ದ ನಮ್ಮ ತಮ್ಮನಿಗೆ ಬ್ರೇಕಿನ ತೊಡಕಿರಲಿಲ್ಲ. ಗೇರಿನ ವಿಷಯದಲ್ಲಿಯೂ ಯೆಜ್ಡಿಯ ಇನ್ನೊಂದು ಗುಣ ಒದಗಿ ಬಂತು: ಗೇರಿನ ಸಲಾಕೆಯನ್ನು ಅಲುಗಿಸಿದೊಡನೆ ಕ್ಲಚ್ಚು ತಾನಾಗಿ ಬಿಡುವಂತೆ ಅದರೊಳಗೆ ಏರ್ಪಾಡಿದೆ. ಆದ್ದರಿಂದ ಹುಡುಗನು ಸಲಾಕೆಗೆ ಒಂದು ಕಬ್ಬಿಣದ ಕಡ್ಡಿಯನ್ನು ಜೋಡಿಸಿ, ಪೆಟ್ರೋಲ್ ಟ್ಯಾಂಕಿನ ಪಕ್ಕಕ್ಕೆ ಕೈಹಿಡಿಯನ್ನು ತಂದನು. ಮೋಟಾರು ಸೈಕಲ್ಲುಗಳ ಆರಂಭಕಾಲದಲ್ಲಿ ಗೇರನ್ನು ಕೈಯಿಂದಲೇ ಬದಲಿಸುತ್ತಿದ್ದರು. ಅದೇ ಪದ್ಧತಿ ನೂರು ವರ್ಷಗಳ ಬಳಿಕ ಕೊಟ್ಟೂರಿನ ಹಿತ್ತಿಲಿನಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಹಿಂದಿನ ಗಾಲಿಯ ಇಕ್ಕೆಲಗಳಲ್ಲಿ ಎರಡು ಚಿಕ್ಕ ಗಾಲಿಗಳು ನಿಂತವು. ಎಂಜಿನ್ನಿಗೆ ಹೊಸ ಪಿಸ್ಟನ್ನು, ಬೇರಿಂಗುಗಳು ಬಂದವು. ನಾಲ್ಕು ತಿಂಗಳಲ್ಲಿ ಗಾಡಿ ಸಿದ್ಧವಾಯಿತು. ಅದರ ಹಳೆಯ ಸದ್ದು ಮೊದಲ ಬಾರಿಗೆ ಷೆಡ್ಡಿನಿಂದ ಹೊರಬಂದಾಗ ನಮ್ಮ ತಮ್ಮನು ಊರುಗೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಮುಗಿದನು.

ಆಗ ಅವನ ಮಡದಿಯು ಒಂದು ಪ್ರಶ್ನೆ ಕೇಳಿದಳು: “ದಾರ್‍ಯಾಗ ಗಾಡಿ ಬಂದಾದ್ರ ಒದಿಯೋರು ಯಾರು?” ಷೆಡ್ಡಿನಲ್ಲಿ ಯಾರೂ ಉತ್ತರ ಹೇಳಲಿಲ್ಲ. ಪ್ರತಿ ಮುಂಜಾನೆ ಮಗನು ಒದ್ದು ಚಾಲೂ ಮಾಡಿ ಕೊಡುವನೆಂದೂ ಆಮೇಲೆ ನಿಲ್ಲಿಸದೆ ಓಡಿಸಬಹುದೆಂದೂ ಎಲ್ಲರ ಮನಸ್ಸಿನಲ್ಲಿತ್ತು. ಮರುದಿನ ನಮ್ಮ ತಮ್ಮನು ಕೂಡ್ಲಿಗಿಯ ರಸ್ತೆಯಲ್ಲಿ ಒಬ್ಬನೇ ಹೋದನು. ಎದುರಿಗೆ ಕುರಿಹಿಂಡು ಬಂದು ನಿಲ್ಲಿಸಬೇಕಾದಾಗ ಎಂಜಿನ್ನು ಆರಿತು. ಬಿಸಿಲಿನಲ್ಲಿ ಬಹಳ ಹೊತ್ತು ಕುಳಿತ ಮೇಲೆ ಮೆಕ್ಕೆಜೋಳದ ಹೊಲದಿಂದ ಬಂದ ಹುಡುಗನೊಬ್ಬನು ಹತ್ತಾರು ಸಲ ಒದ್ದು ಚಾಲೂ ಮಾಡಿಕೊಟ್ಟನು. ಮನೆಗೆ ಬಂದ ನಮ್ಮ ತಮ್ಮನು ನೀರು ಕುಡಿದು, “ಅಣ್ಣಾ, ಬಸ್ಸಿನ್ಯಾಗ ಕೈ ಹಿಡಿದು ಹತ್ತಿಸ್ರಿ ಅಂತ ಕೇಳೋದೂ ಒಂದೇ, ದಾರಿಯಾಗ ಗಾಡಿ ಒದ್ದು ಕೊಡ್ರಿ ಅಂತ ಕೇಳೋದೂ ಒಂದೇ ಆತು” ಎಂದನು. ಸಿಟ್ಟಿಲ್ಲದೆ ಆಡಿದ ಆ ಮಾತನ್ನು ಮಗನು ಷೆಡ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡನು.

ಆ ರಾತ್ರಿ ಹುಡುಗನ ಮನಸ್ಸಿನಲ್ಲಿ ನಡೆದ ತಳಮಳವನ್ನು ಬಲ್ಲವರು ಬಲ್ಲರು. ನಾಲ್ಕು ತಿಂಗಳ ದುಡಿಮೆ, ಉಳಿಸಿದ ಹಣ, ತಂದೆಯ ಮೇಲಿನ ಪ್ರೀತಿ ಎಲ್ಲವೂ ಆ ಗಾಡಿಯಲ್ಲಿದ್ದವು. ತನ್ನ ಕೈಯಿಂದಲೇ ಆದ ವಸ್ತುವನ್ನು ಇದು ಸಾಲದು ಎಂದು ಪಕ್ಕಕ್ಕಿಡುವುದು ಸುಲಭವಲ್ಲ. ಗ್ರಂಥ ಬರೆಯುವವರಿಗೂ ಅದು ದುಸ್ತರ. ಅವನು ಪಕ್ಕಕ್ಕಿಟ್ಟನು. ಜೋಡಿಸಿದ ಗಾಲಿಗಳನ್ನೂ ಕಡ್ಡಿಯನ್ನೂ ಬಿಚ್ಚಿ, ಯೆಜ್ಡಿಯನ್ನು ಮೊದಲಿನಂತೆ ಮಾಡಿ, ಬಟ್ಟೆ ಹೊದಿಸಿ ನಿಲ್ಲಿಸಿದನು. ಗುಂಡಿ ಒತ್ತಿದರೆ ಚಾಲೂ ಆಗುವ, ಗೇರಿಲ್ಲದ, ಎರಡೂ ಬ್ರೇಕುಗಳು ಕೈಯಲ್ಲಿಯೇ ಇರುವ ಹಳೆಯ ಸ್ಕೂಟರೊಂದನ್ನು ತಂದನು. ನಮ್ಮ ತಮ್ಮನಿಗೆ ಆರಂಭದಲ್ಲಿ ಅದು ಹಿಡಿಸಲಿಲ್ಲ. ಯೆಜ್ಡಿಯ ಮೇಲೆ ಕುಳಿತವನಿಗೆ ಸ್ಕೂಟರು ಸಪ್ಪೆಯಾಗಿ ಕಂಡರೆ ಆಶ್ಚರ್ಯವಿಲ್ಲ. “ಮೂರು ಗಾಲಿ ಗಾಡಿ ಅಂದ್ರ ಊರಾಗ ಏನಂತಾರ” ಎಂಬ ಸಂಕೋಚವೂ ಅವನೊಳಗಿತ್ತು.

ಸ್ಕೂಟರಿಗೆ ಅಕ್ಕಪಕ್ಕದ ಗಾಲಿ ಹಾಕುವುದು ಹೊರಗಿನಿಂದ ನೋಡಿದವರಿಗೆ ಸಣ್ಣ ಕೆಲಸ. ಒಳಗಿನ ಲೆಕ್ಕ ಬೇರೆಯೇ ಇದೆ. ಪಕ್ಕದ ಗಾಲಿಗಳನ್ನು ಸ್ವಲ್ಪ ಕೆಳಗೆ ಕೂರಿಸಿದರೆ, ತಗ್ಗು ಬಂದಾಗ ನಡುವಿನ ಗಾಲಿ ನೆಲವನ್ನು ಬಿಟ್ಟು ಗಾಳಿಯಲ್ಲಿ ತಿರುಗುತ್ತದೆ. ಎಂಜಿನ್ನಿನ ಬಲವೆಲ್ಲ ಆ ನಡುಗಾಲಿಗೇ ಬರುವುದರಿಂದ ಗಾಡಿ ಮುಂದೆ ಹೋಗುವುದಿಲ್ಲ. ಸ್ವಲ್ಪ ಮೇಲೆ ಕೂರಿಸಿದರೆ ಗಾಡಿ ಅತ್ತಿತ್ತ ಓಲಾಡುತ್ತದೆ. ಹುಡುಗನು ಎರಡು ಗಾಲಿಗಳಿಗೂ ಬೇರೆಬೇರೆ ಸ್ಪ್ರಿಂಗು ಕೊಟ್ಟು, ಒಂದು ಮೇಲೆದ್ದರೆ ಇನ್ನೊಂದು ನೆಲದಲ್ಲಿಯೇ ಇರುವಂತೆ ಮಾಡಿದನು. ಅಗಲದ ವಿಷಯವೂ ಹೀಗೆಯೇ: ಕಡಿಮೆಯಾದರೆ ತಿರುವಿನಲ್ಲಿ ಉರುಳುವ ಭಯ, ಹೆಚ್ಚಾದರೆ ಪೇಟೆಯ ಓಣಿಯಲ್ಲಿ ನುಗ್ಗದು. ಹಗ್ಗ ಹಿಡಿದು ಅಂಗಡಿ ಸಾಲಿನ ಇಕ್ಕಟ್ಟಾದ ಓಣಿಯನ್ನು ಅಳೆದು ಬಂದು ಅದನ್ನು ತೀರ್ಮಾನಿಸಿದನು. ಗಾಲಿಗಳ ಚೌಕಟ್ಟನ್ನು ಸ್ಕೂಟರಿನ ಚಾಸಿಗೆ ವೆಲ್ಡಿಂಗ್ ಮಾಡಲಿಲ್ಲ. ಪಟ್ಟಿ ಮತ್ತು ಬೋಲ್ಟುಗಳಿಂದ ಬಿಗಿದನು. ಬೆಂಕಿಯ ಶಾಖ ತಗುಲಿದ ಕಡೆ ಕಬ್ಬಿಣದ ಗುಣ ಕೆಡಬಹುದು, ಸೀಳು ಅಲ್ಲಿಂದಲೇ ಹುಟ್ಟಬಹುದು ಎಂಬುದು ಅವನ ವಿವರಣೆ.

ಅಚ್ಚಿನ ವಿಷಯದಲ್ಲಂತೂ ಅವನು ಯಾರ ಅವಸರಕ್ಕೂ ಮಣಿಯಲಿಲ್ಲ. 2017ರ ಫೆಬ್ರುವರಿ 21ರಂದು ಶ್ರೀ ಗುರು ಕೊಟ್ಟೂರೇಶ್ವರ ಸ್ವಾಮಿಯ ತೇರು ಎಳೆಯುತ್ತಿರುವಾಗಲೇ ಉರುಳಿದುದನ್ನು ಕೊಟ್ಟೂರಿನವರು ಮರೆತಿಲ್ಲ. ಅಂದಿನಿಂದ ನಮ್ಮೂರಿನಲ್ಲಿ ಗಾಲಿ, ಅಚ್ಚು ಎಂದರೆ ಜನ ಒಂದು ಕ್ಷಣ ಸುಮ್ಮನಾಗುತ್ತಾರೆ. ಹುಡುಗನು ಅಚ್ಚಿನ ಕಬ್ಬಿಣವನ್ನು ಗುಜರಿಯಿಂದ ತರದೆ ಹೊಸದಾಗಿ ಕೊಂಡು ತಂದನು. ಗಾಡಿಯ ಮೇಲೆ ಎರಡು ಚೀಲ ಮೆಕ್ಕೆಜೋಳವನ್ನು ಹೇರಿ, ತಾನೇ ಹೊಲದ ದಾರಿಯಲ್ಲಿ ಹದಿನೈದು ದಿನ ಓಡಿಸಿ, ಪ್ರತಿ ಸಂಜೆ ಬೋಲ್ಟುಗಳನ್ನು ತಟ್ಟಿ ನೋಡಿದನು. ಸರಕಿನ ಪೆಟ್ಟಿಗೆಯನ್ನು ಸೀಟಿನ ಹಿಂದೆ ಎತ್ತರಕ್ಕೆ ಕಟ್ಟದೆ, ಭಾರವು ನೆಲಕ್ಕೆ ಹತ್ತಿರವಿರುವಂತೆ ಗಾಲಿಗಳ ಮೇಲ್ಗಡೆಯೇ ಎರಡು ಚಪ್ಪಟೆ ಪೆಟ್ಟಿಗೆಗಳನ್ನಿಟ್ಟು, ಒಳಗೆ ಹುಲ್ಲು ಹಾಸಿದನು. ಊರುಗೋಲಿಗೆ ಒಂದು ಕೊಂಡಿ ಹಚ್ಚಿದನು.

ಇನ್ನು ಕಾನೂನಿನ ಮಾತು. ಇದರಲ್ಲಿ ನಮ್ಮ ಓದು ಸ್ವಲ್ಪ ಉಪಯೋಗಕ್ಕೆ ಬಂತು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿಯ ಪುಸ್ತಕದಲ್ಲಿರುವ ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾಲೀಕನು ತನ್ನ ಇಷ್ಟದಂತೆ ಮಾರ್ಪಡಿಸುವಂತಿಲ್ಲ. ಕೇರಳದ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿ 9ರಂದು ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಇಂತಹ ತಪ್ಪಿಗೆ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಿದೆ. ಆದರೆ ಅದೇ ಕಾನೂನು ಅಂಗವೈಕಲ್ಯವುಳ್ಳವರಿಗೆ ಬಾಗಿಲು ತೆರೆದಿಟ್ಟಿದೆ. ಅವರ ಬಳಕೆಗೆಂದು ವಾಹನವನ್ನು ಮಾರ್ಪಡಿಸಿ, ನಿಯಮಗಳನ್ನು ಪಾಲಿಸಿ, ನೋಂದಣಿ ಅಧಿಕಾರಿಯ ಒಪ್ಪಿಗೆಯನ್ನು ಪಡೆಯಬಹುದು. ಅಂತಹ ವಾಹನವನ್ನು ನಡೆಸಲು ಶಕ್ತರೆಂದು ತೋರಿದವರಿಗೆ ಪರವಾನಗಿಯೂ ದೊರೆಯುತ್ತದೆ. ಅರ್ಜಿಯನ್ನು ನಾವೇ ಬರೆದೆವು. ವೈದ್ಯರ ಪ್ರಮಾಣಪತ್ರ, ನೋಂದಣಿ ಪುಸ್ತಕ, ವಿಮೆಯ ಕಾಗದಗಳೊಡನೆ ಹೊಸಪೇಟೆಯ ಕಚೇರಿಗೆ ಮೂರು ಸಲ ಹೋಗಬೇಕಾಯಿತು. ಗಾಡಿಯನ್ನು ತಪಾಸಣೆ ಮಾಡಿದ ಅಧಿಕಾರಿಗಳು ಹುಡುಗನನ್ನು ಹೊಗಳುವ ಮೊದಲು ಬ್ರೇಕನ್ನು ಹಿಡಿದು ನೋಡಿದರು. ಅದು ನಮಗೆ ಮೆಚ್ಚುಗೆಯಾಯಿತು.

ಗಾಡಿ ಸಿದ್ಧವಾದರೂ ಕಲಿಕೆ ಉಳಿದಿತ್ತು. ಎರಡು ಗಾಲಿಯ ವಾಹನವು ತಿರುವಿನಲ್ಲಿ ಒಳಮುಖವಾಗಿ ಬಾಗುತ್ತದೆ. ಪಕ್ಕದ ಗಾಲಿಗಳುಳ್ಳ ವಾಹನವು ಹಾಗೆ ಬಾಗಲಾರದು, ವೇಗ ಹೆಚ್ಚಿದರೆ ಹೊರಮುಖವಾಗಿ ಉರುಳಲು ನೋಡುತ್ತದೆ. ಮೈಯನ್ನು ಬಾಗಿಸಿ ತಿರುಗಿಸುವ ಮೂವತ್ತೈದು ವರ್ಷಗಳ ರೂಢಿಯನ್ನು ನಮ್ಮ ತಮ್ಮನು ಮರೆಯಬೇಕಿತ್ತು. ಊರ ಹೊರಗಿನ ಬಯಲಿನಲ್ಲಿ ಒಂದು ತಿಂಗಳು ಮಗನು ಗುರುವಾಗಿ, ತಂದೆಯು ಶಿಷ್ಯನಾಗಿ ಅಭ್ಯಾಸ ನಡೆಯಿತು. 2023ರ ಶ್ರಾವಣದ ಮೊದಲ ಸೋಮವಾರ ನಮ್ಮ ತಮ್ಮನು ವಿಭೂತಿಯ ಪೆಟ್ಟಿಗೆಗಳೊಡನೆ ಒಬ್ಬನೇ ಹಗರಿಬೊಮ್ಮನಹಳ್ಳಿಗೆ ಹೋಗಿ, ಒಬ್ಬನೇ ಮರಳಿದನು. ಎರಡು ತಿಂಗಳಲ್ಲಿ ಹರಪನಹಳ್ಳಿ, ಹಡಗಲಿಗಳ ಹಳೆಯ ಮನೆಗಳೂ ಅವನ ಲೆಕ್ಕದ ಪುಸ್ತಕಕ್ಕೆ ಮರಳಿ ಬಂದವು. ಊರಿನವರು ಏನೆಂದಾರು ಎಂಬ ಸಂಕೋಚ ಯಾವಾಗ ಹೋಯಿತೋ ಅವನಿಗೂ ತಿಳಿಯದು.

ಒಂದು ಕೊರತೆ ಇನ್ನೂ ಉಳಿದಿದೆ. ಈ ಗಾಡಿಗೆ ಹಿಂದಕ್ಕೆ ಚಲಿಸುವ ಗೇರಿಲ್ಲ. ಮೂರು ಗಾಲಿಗಳ ಭಾರವನ್ನು ಒಂದು ಕಾಲಿನಿಂದ ಹಿಂದಕ್ಕೆ ತಳ್ಳುವುದು ಕಷ್ಟ. ನಮ್ಮ ತಮ್ಮನು ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಾನೆ. ಎಲ್ಲಿಗೆ ಹೋದರೂ ಮೊದಲೇ ತಿರುಗಿಸಿ, ಗಾಡಿಯ ಮುಖವು ಮರಳುವ ದಾರಿಯ ಕಡೆಗಿರುವಂತೆ ನಿಲ್ಲಿಸುತ್ತಾನೆ. ಹಿಮ್ಮುಖವಾಗಿಯೂ ಚಲಿಸುವ ವಿದ್ಯುತ್ ಸ್ಕೂಟರುಗಳು ಈಗ ಬಂದಿವೆಯಾದ್ದರಿಂದ ಹುಡುಗನ ಕಣ್ಣು ಅತ್ತ ಹರಿದಿದೆ.

ತಮ್ಮ ಅಗತ್ಯಕ್ಕೆ ಯಂತ್ರವನ್ನು ಹೊಂದಿಸಿಕೊಂಡವರು ನಮ್ಮ ದೇಶದಲ್ಲಿ ಹಲವರಿದ್ದಾರೆ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿಯವರು 1994ರಲ್ಲಿ, ಎತ್ತುಗಳ ಅಭಾವದ ಕಾಲದಲ್ಲಿ, ಬುಲೆಟ್ ಮೋಟಾರು ಸೈಕಲ್ಲಿಗೆ ಬೇಸಾಯದ ಉಪಕರಣಗಳನ್ನು ಕಟ್ಟಿ ಹೊಲವನ್ನು ಹಸನುಮಾಡಿದರು. ನಮ್ಮ ದಕ್ಷಿಣ ಕನ್ನಡದ ಬಂಟ್ವಾಳ ಸೀಮೆಯ ಕೃಷಿಕರೊಬ್ಬರು ಅಡಿಕೆಮರ ಏರುವ ಯಂತ್ರವನ್ನು ರೂಪಿಸಿದ್ದು 2019ರಲ್ಲಿ ನಾಡಿನಾದ್ಯಂತ ಸುದ್ದಿಯಾಯಿತು. ಇವರೆಲ್ಲರೂ ಮೊದಲು ನೋಡಿದ್ದು ಕೆಲಸವನ್ನು, ಆ ಕೆಲಸ ಮಾಡುವವನ ಕೈಕಾಲುಗಳನ್ನು. ಯಂತ್ರದ ಆಕಾರ ಅದರ ಹಿಂದಿನಿಂದ ಬಂತು.

ನಮ್ಮ ಸಮಾಜದ ಮನೆಗಳಲ್ಲಿಯೂ ಕೈಯಲ್ಲಿ ವಿದ್ಯೆಯಿರುವ ಹುಡುಗರು ಬೇಕಾದಷ್ಟು ಇದ್ದಾರೆ. ಸೈಲೆನ್ಸರು ಕೊಯ್ದು ಸದ್ದು ಹೆಚ್ಚಿಸುವುದರಲ್ಲಿ, ಹ್ಯಾಂಡಲ್ಲು ತಿರುಚಿ ನೋಟ ಬದಲಿಸುವುದರಲ್ಲಿ ಅವರ ಹಣವೂ ಸಂಜೆಗಳೂ ಕಳೆಯುತ್ತಿದ್ದರೆ ಹಿರಿಯರು ಬೈದು ಷೆಡ್ಡಿಗೆ ಬೀಗ ಹಾಕುವುದು ಬೇಡ. ಓಣಿಯಲ್ಲಿ ಯಾರು ಮನೆಯಿಂದ ಹೊರಗೆ ಬರಲಾರದೆ ಕುಳಿತಿದ್ದಾರೆ ಎಂಬುದನ್ನು ಅವರಿಗೆ ತೋರಿಸಿ. ಅಳತೆಯನ್ನು ಆ ವ್ಯಕ್ತಿಯ ಮೈಯಿಂದಲೇ ತೆಗೆದುಕೊಳ್ಳಲಿ. ಬೇರೆಯವರ ಸಹಾಯವಿಲ್ಲದೆ ಅವರು ಹತ್ತಿ, ಚಾಲೂ ಮಾಡಿ, ನಿಲ್ಲಿಸಿ, ಇಳಿಯಬಲ್ಲರೇ ಎಂದು ಪರೀಕ್ಷಿಸಲಿ. ಮನೆಯ ಹೆಣ್ಣುಮಕ್ಕಳು ಕೇಳುವ ಪ್ರಶ್ನೆಗೆ ಕಿವಿಗೊಡಲಿ. ಕಬ್ಬಿಣ ಕೊಯ್ಯುವ ಮೊದಲೇ ಸಾರಿಗೆ ಕಚೇರಿಗೆ ಹೋಗಿ ಕಾಗದಪತ್ರಗಳ ವಿಚಾರ ಮಾಡಲಿ. ಅಂಗವಿಕಲರಿಗೆ ಯಂತ್ರಚಾಲಿತ ವಾಹನ ಒದಗಿಸುವ ಯೋಜನೆ ಸರ್ಕಾರದಲ್ಲಿಯೂ ಇದೆ. ಅರ್ಜಿ ಬರೆಯಲು ಬಾರದವರಿಗೆ ಓದಿದವರು ಬರೆದುಕೊಡಲಿ. ನಮ್ಮಿಂದ ಬರೆಸಿಕೊಳ್ಳಲು ಕೊಟ್ಟೂರಿಗೆ ಬರುವವರಿದ್ದರೆ ಸಂತೋಷದಿಂದ ಬರೆದುಕೊಡುತ್ತೇವೆ.